ಓಕ್ ಮರದ ಅಟ್ಟಣೆ

ತನಗೆ ಬೇಟೆಯಾಡಲು ಬರುವುದಿಲ್ಲವೆಂದು ಊರವರು ಆಡಿಕೊಂಡರೆ ಆರ್ವಿಡ್ ಸಹಿಸಿಕೊಳ್ಳುತ್ತಿದ್ದ. ಪಕ್ಕದ ಮನೆಯ ಲೋವೆಲ್ ಕಲಿಸಿಕೊಡುತ್ತೇನೆಂದು ಹೊರಟದ್ದೇ ತಾಪತ್ರಯಕ್ಕೆ ಮೂಲವಾಯಿತು.

ನಿಜಕ್ಕೂ ಆರ್ವಿಡ್‌ಗೆ ಜಿಂಕೆ ಬೇಕಿರಲಿಲ್ಲ. ನವೆಂಬರ್ ಬಂತೆಂದರೆ ಅವನ ಅತ್ತೆ ಬರುತ್ತಿದ್ದಳು. ಕ್ರಿಸ್‌ಮಸ್ ಮುಗಿಯುವವರೆಗೂ ಕದಲುತ್ತಿರಲಿಲ್ಲ. ಅವಳ ಮಂಡಿನೋವಿನ ಪುರಾಣ ಕೇಳಿ ಸುಸ್ತಾದ ಆರ್ವಿಡ್, ಬಸ್ ಓಡಿಸುವ ಕೆಲಸದಿಂದ ಬಿಡುವಾದಾಗಲೆಲ್ಲ ಬಿಲ್ಲು ಹೆಗಲಿಗೇರಿಸಿ, ತನ್ನ ಜಮೀನಿನ ಕಾಡಂಚಿನ ಓಕ್ ಮರದ ಅಟ್ಟಣೆ ಹತ್ತಿ, ಕಾಂಡಕ್ಕೆ ತನ್ನನ್ನು ಪಟ್ಟಿಯಿಂದ ಬಿಗಿದುಕೊಂಡು ನಿದ್ದೆ ಹೋಗುತ್ತಿದ್ದ. ಚಳಿ ಮೂಳೆ ಕೊರೆಯುತ್ತಿತ್ತು, ನಿಜ. ಆದರೆ ಚಳಿ ಮಾತಾಡುವುದಿಲ್ಲ.

ಲೋವೆಲ್ ಮಾತಾಡುತ್ತಿದ್ದ. ಕಲಿಸಲು ಬಂದ ದಿನ ಬೆಳಗಿನಿಂದ ಅಟ್ಟಣೆಯ ಮೇಲೆ ಅವನಿಗೆ ಅಂಟಿಕೊಂಡು ಕೂತು, ಜಿಂಕೆಗೆ ವಾಸನೆ ಹೋಗುತ್ತದೆಂದು ಕಾಫಿಯ ಫ್ಲಾಸ್ಕ್ ಕಿತ್ತುಕೊಂಡ. ಉಸಿರು ಬಿಟ್ಟರೆ ಹಳೇ ಉಗಿಬಂಡಿಯ ಹಾಗೆ ಹೊಗೆ ಏಳುತ್ತದೆಂದು ಬೈದ. ತೂಕಡಿಸಿದರೆ ಪಕ್ಕೆಗೆ ತಿವಿದ. ಮಧ್ಯಾಹ್ನದ ಹೊತ್ತಿಗೆ ಆರ್ವಿಡ್‌ಗೆ ತನ್ನ ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಆಗಲೇ ಹಿಮ ತುಳಿಯುತ್ತಾ ಗಂಡು ಜಿಂಕೆಯೊಂದು ಬಂತು.

"ಬಾಣ ಬಿಡು," ಎಂದು ಲೋವೆಲ್ ಪಿಸುಗುಟ್ಟಿದ.

ಗುರಿ ತಪ್ಪಿಸಿದರೆ ಈ ಗುರು ಬೇಸತ್ತು ಮನೆಗೆ ಹೋಗುತ್ತಾನೆಂದು ಆರ್ವಿಡ್ ಜಿಂಕೆಯ ಮುಂದಿದ್ದ ಬರಿ ಜಾಗಕ್ಕೆ ಬಾಣ ಬಿಟ್ಟ. ಬಿಲ್ಲಿನ ಸದ್ದಿಗೆ ಬೆಚ್ಚಿದ ಜಿಂಕೆ ಆ ಬರಿ ಜಾಗಕ್ಕೇ ಜಿಗಿಯಿತು. ನಾಲ್ಕು ಹೆಜ್ಜೆ ಹೋಗಿ ಬಿತ್ತು.

ಆರ್ವಿಡ್‌ನ ಪರವಾನಗಿಯಲ್ಲಿ ವರ್ಷಕ್ಕೆ ಒಂದೇ ಜಿಂಕೆ ಹೊಡೆಯಬಹುದಿತ್ತು. ಆ ವರ್ಷದ ಬೇಟೆ ಅಲ್ಲಿಗೆ ಮುಗಿಯಿತು. ಲೋವೆಲ್ ಆಗಲೇ ಆರ್ವಿಡ್‌ನ ಹೆಂಡತಿ ಮಾರ್ಲಿಸ್‌ಗೆ ಫೋನ್ ಹಚ್ಚಿ ಕೊಟ್ಟ.

"ಒಳ್ಳೇದಾಯ್ತು ಬಿಡಿ," ಎಂದಳು ಅವಳು. "ಇನ್ಮೇಲೆ ಚಳೀಲಿ ಸಾಯೋದು ಬೇಡ ನೀವು. ಅಮ್ಮಂಗೂ ಜೊತೆ ಆಗುತ್ತೆ."

ಇಬ್ಬರೂ ಜಿಂಕೆಯ ಕೊಂಬು ಹಿಡಿದು ಎಳೆಯತೊಡಗಿದರು. ದಣಿದ ಆರ್ವಿಡ್ ಅರ್ಧ ದಾರಿಯಲ್ಲಿ ನಿಂತು, ಬೇಟೆ ಇಲ್ಲದಿದ್ದರೂ ಸುಮ್ಮನೆ ಬಂದು ಅಟ್ಟಣೆಯ ಮೇಲೆ ಕೂರಬಹುದಲ್ಲ ಎಂದ.

ಲೋವೆಲ್ ಗಂಟಲು ಸರಿಮಾಡಿಕೊಂಡ. "ಅದಾಗಲ್ಲ ಕಣೋ. ನಾಳೆಯಿಂದ ಅಲ್ಲಿ ನಾನು ಕೂರ್ತೀನಿ. ಮಾರ್ಲಿಸ್‌ನ ಕೇಳಿದ್ದೂ ಆಯ್ತು."

"ನಿನ್ನ ಹಿತ್ತಲಲ್ಲೇ ಜಿಂಕೆ ಓಡಾಡ್ತವಲ್ಲೋ?"

ಲೋವೆಲ್ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಜಿಂಕೆ ಯಾರಿಗೆ ಬೇಕೋ? ನಿನ್ನೆ ನಮ್ಮತ್ತೆ ಬಂದ್ರು."