ಎರಡು ಸಲ ಬಿದ್ದ ಚಾರ್ಜರ್

"ನಿಮ್ಮ ಮನೇಲಿ ಅರ್ಥೇ ಸರಿಯಿಲ್ಲ ಸಾರ್," ಎಂದ ಇಲೆಕ್ಟ್ರಿಷಿಯನ್, ಮೀಟರ್ ಬೋರ್ಡಿನ ಮುಚ್ಚಳ ತೆಗೆದು ನೋಡಿ.

"ಮೂವತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದೀನಪ್ಪ," ಎಂದಳು ನನ್ನ ಹೆಂಡತಿ ಅಡುಗೆಮನೆ ಕಿಟಕಿಯಿಂದ. "ಇವರಿಗೆ ಅರ್ಥ ಆದ್ರೆ ತಾನೇ."

ಹೊಸ ಎಲೆಕ್ಟ್ರಿಕ್ ಕಾರಿಗೆ ಮನೆಯಲ್ಲೇ ಚಾರ್ಜರ್ ಹಾಕಿಸುವ ನನ್ನ ಮಹಾಕಾರ್ಯ ಹೀಗೆ ಆರಂಭವಾಯಿತು. ನಾನು ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು. ಊರಿನಲ್ಲಿ ಯಾರಾದರೂ ನೆಟ್ಟಗೆ ಗಾಡಿ ಓಡಿಸುತ್ತಿದ್ದರೆ ಅವರು ನನ್ನ ಶಿಷ್ಯರು. ಎಲ್ಲಾದರೂ ಗುದ್ದಿಕೊಂಡರೆ ಬೇರೆಯವರ ಶಿಷ್ಯರು. ಹೋದ ವರ್ಷ ಸ್ಕೂಲ್ ಮುಚ್ಚಿ, ಕೈಗೆ ಬಂದದ್ದನ್ನೆಲ್ಲ ಸುರಿದು ಈ ಕಾರು ತಂದಿದ್ದೆ.

ಪೋರ್ಟಿಕೋದಲ್ಲಿ ಚಾರ್ಜರಿಗೆ ತಕ್ಕ ಜಾಗ ಎಡಗಡೆಯ ಗೋಡೆ ಒಂದೇ ಎಂದು ನಾನು ತೀರ್ಪು ಕೊಟ್ಟೆ. ಅಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೊಕ್ಕೆಯಿತ್ತು.

"ಬಟ್ಟೆ ಎಲ್ಲಿ ಒಣಗಿಸ್ಲಿ?"

"ವಿಜ್ಞಾನ ಮುಂದುವರೀಬೇಕಾದ್ರೆ ಬಟ್ಟೆ ಸ್ವಲ್ಪ ಹಿಂದೆ ಸರೀಬೇಕು," ಎಂದೆ.

ಇಲೆಕ್ಟ್ರಿಷಿಯನ್ ಮೆಟ್ಟಿಲ ಪಕ್ಕ ಗುಂಡಿ ತೋಡಿ ಅರ್ಥಿಂಗ್ ಮಾಡಿದ. ಬೋರ್ಡಿನಿಂದ ಹೆಬ್ಬೆರಳು ಗಾತ್ರದ ವೈರ್ ಎಳೆದ. ಸೊಂಟದ ಎತ್ತರಕ್ಕೆ ಬಿಳಿ ಡಬ್ಬಿ ಕೂತು ಹಸಿರು ದೀಪ ಹತ್ತಿತು. ನಾನು ಗಂಭೀರವಾಗಿ ಕಾರನ್ನು ರಸ್ತೆಗೆ ತೆಗೆದು, ನೋಡುವವರಿಗೊಂದು ಪಾಠವಾಗಲಿ ಎಂದು ಒಂದೇ ಹಿಡಿತದಲ್ಲಿ ರಿವರ್ಸ್ ಬಂದೆ. (ಹಿಂದೆ ಏನಾದರೂ ಇದ್ದರೆ ಕಿರುಚುವ ಯಂತ್ರ ಕಾರಿನಲ್ಲಿತ್ತು. ನನಗೇ ಪಾಠ ಹೇಳಲು ಬಂದಿತೆಂದು ಮೊದಲ ದಿನವೇ ಅದರ ಬಾಯಿ ಮುಚ್ಚಿಸಿದ್ದೆ.)

ಪಟಾರ್ ಎಂದಿತು. ಚಾರ್ಜರ್ ಗೋಡೆ ಬಿಟ್ಟು ವೈರಿನಲ್ಲಿ ನೇತಾಡುತ್ತಿತ್ತು.

"ಡಬ್ಬಿ ತೀರಾ ಕೆಳಗಿಟ್ಟಿದೀಯಪ್ಪ," ಎಂದೆ ಇಲೆಕ್ಟ್ರಿಷಿಯನ್‌ಗೆ. ಅವನು ಹೋಗಿ, ಎರಡು ವಾರದ ಮೇಲೆ ಹೊಸ ಡಬ್ಬಿ ತಂದು, ಒಂದು ಮೊಳ ಮೇಲಕ್ಕೆ, ಎರಡು ಮೊಳ ಮುಂದಕ್ಕೆ ಕೂರಿಸಿದ. ಈ ಸಲ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಮೆಯ ಹಾಗೆ ಹಿಂದೆ ಬಂದೆ. ಎಡಕ್ಕೂ ನೋಡಿದೆ, ಬಲಕ್ಕೂ ನೋಡಿದೆ. ಗೋಡೆ ಖಾಲಿ ಇತ್ತು. ಎಡಗನ್ನಡಿ ಹೋಗಿ ಚಾರ್ಜರಿಗೆ ಬಡಿಯಿತು, ಡಬ್ಬಿ ಮತ್ತೆ ಕೆಳಕ್ಕೆ ಬಿತ್ತು.

ಬಯ್ಯಲೆಂದು ಇಳಿದೆ. ಇಲೆಕ್ಟ್ರಿಷಿಯನ್ ಗೋಡೆಗೆ ಅಂಟಿಕೊಂಡು ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಅವನು ಮಾತಾಡಿದ್ದು ನನ್ನ ಹತ್ತಿರ ಅಲ್ಲ.

"ಅಕ್ಕ, ನಾನು ಇಲ್ಲೇ ನಿಂತು ಎರಡು ಕೈಯಲ್ಲೂ ನಿಲ್ಲಿ ನಿಲ್ಲಿ ಅಂತ ಬೀಸ್ತಿದ್ದೆ. ಸಾರ್ ಈ ಕಡೆ ತಿರುಗಿದ್ರು. ಆದ್ರೆ ನಾನು ಅವರಿಗೆ ಕಾಣಿಸ್ಲಿಲ್ಲ."

ನನ್ನ ಹೆಂಡತಿ ಬಯ್ಯಲಿಲ್ಲ. ಮೂವತ್ತು ವರ್ಷದಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಅವನು ಹೋದ ಮೇಲೆ ನನ್ನನ್ನು ಊಟದ ಮೇಜಿನ ಮುಂದೆ ಕೂರಿಸಿ, "ನನ್ನ ಮೂಗನ್ನೇ ನೋಡಿ," ಎಂದಳು. ನೋಡಿದೆ.

"ಎಷ್ಟು ಬೆರಳು?"

"ತೋರಿಸಿದ ಮೇಲೆ ಹೇಳ್ತೀನಿ."

"ತೋರಿಸ್ತಾನೇ ಇದೀನಿ ರೀ," ಎಂದಳು. ಎಡಗಡೆಯಿಂದ ಅವಳ ಕೈ ನಿಧಾನವಾಗಿ ಮುಂದಕ್ಕೆ ಬಂತು, ಮೂರು ಬೆರಳಿದ್ದವು.

ಮರುದಿನ ಕಣ್ಣಿನ ಡಾಕ್ಟರು ಗಲ್ಲವನ್ನು ಯಂತ್ರದ ಮೇಲಿಡಿಸಿ ಬಹಳ ಹೊತ್ತು ನೋಡಿದರು. ಕಣ್ಣೊಳಗಿನ ಒತ್ತಡ ಏರಿ ನರ ಒಣಗಿದೆ, ಪಕ್ಕದ ನೋಟ ಹೋಗಿದೆ. ನೋವಿಲ್ಲದೆ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಎಡಗಣ್ಣಿನಲ್ಲಿ ಉಳಿದಿರುವುದು ಸ್ವಲ್ಪ, ಬಲಗಣ್ಣಿಗೂ ಶುರುವಾಗಿದೆ. ಡ್ರಾಪ್ಸ್ ಹಾಕಿದರೆ ಇದ್ದದ್ದು ಉಳಿಯಬಹುದು, ಹೋದದ್ದು ಬರುವುದಿಲ್ಲ. "ಇನ್ನು ಡ್ರೈವಿಂಗ್ ಬೇಡ," ಎಂದರು.

ಆಟೋದಲ್ಲಿ ಮನೆಗೆ ಬಂದೆವು. ಡ್ರೈವಿಂಗ್ ಹೋಯಿತೆಂಬ ದುಃಖಕ್ಕಿಂತ ನನ್ನನ್ನು ತಿಂದದ್ದು ಬೇರೆ. ಸ್ಕೂಲಿನ ಕೊನೆಯ ಒಂದೆರಡು ವರ್ಷ, ಹದಿನೆಂಟರ ಹುಡುಗ ಹುಡುಗಿಯರನ್ನು ಪಕ್ಕದಲ್ಲಿಟ್ಟುಕೊಂಡು, ಎಡಗಡೆ ನಾನು ನೋಡ್ಕೋತೀನಿ, ನೀವು ಮುಂದೆ ನೋಡಿ ಎಂದು ಧೈರ್ಯ ಹೇಳಿದವನು ನಾನೇ. ಒಂದು ಮಗು ಎಡಗಡೆಯಿಂದ ಓಡಿ ಬಂದಿದ್ದರೆ? ಅನ್ನದ ಮುಂದೆ ಕೂತಾಗಲೆಲ್ಲ ಆ ಮಗು ಓಡಿ ಬರುತ್ತಿತ್ತು.

ಕಾರನ್ನು ಮಾರಿಬಿಡೋಣ ಎಂದೆ. "ಇರ್ಲಿ," ಎಂದಳು ಅವಳು. ಆಮೇಲೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗತೊಡಗಿದಳು. ಒಂದು ಗಂಟೆ ನಡೆದು ಬಂದರೂ ಬೆವರಿರುತ್ತಿರಲಿಲ್ಲ. ನನ್ನ ಕಣ್ಣು ಹೋದರೂ ಅನುಮಾನ ಹೋಗಿರಲಿಲ್ಲವಾದ್ದರಿಂದ ಒಂದು ದಿನ ಹಿಂಬಾಲಿಸಿದೆ. ಎರಡು ಬೀದಿ ದಾಟಿ ಅವಳು ಎಲ್ ಬೋರ್ಡಿನ ಕಾರು ಹತ್ತಿದಳು. ಕಲಿಸುತ್ತಿದ್ದವಳು ನನ್ನ ಹಳೆಯ ಶಿಷ್ಯೆ, ಈಗ ಸ್ವಂತ ಸ್ಕೂಲ್ ಇಟ್ಟವಳು.

"ಮನೇಲೇ ಮೇಷ್ಟ್ರು ಇದ್ದೆನಲ್ಲ," ಎಂದೆ ಮನೆಗೆ ಬಂದ ಮೇಲೆ.

"ಮದುವೆಯಾದ ಹೊಸದ್ರಲ್ಲಿ ಎರಡು ದಿನ ನಿಮ್ಮತ್ರ ಕಲಿತೆ. ಎರಡನೇ ದಿನ ನಡುರಸ್ತೇಲಿ ಕಾರು ನಿಲ್ಲಿಸಿ ಬಸ್ ಹತ್ಕೊಂಡು ಬಂದೆ. ಮರೆತ್ರಾ?"

ಮರೆತಿರಲಿಲ್ಲ. ಕ್ಲಚ್ ಬಗ್ಗೆ ಮಾತಾಡುತ್ತಾ ಅವಳ ತವರಿನ ಬಗ್ಗೆಯೂ ಎರಡು ಮಾತಾಡಿದ್ದೆ.

"ನಾನು ಹೇಳ್ಕೊಟ್ಟಿದ್ರೆ ದುಡ್ಡಾದ್ರೂ ಉಳೀತಿತ್ತು."

"ದುಡ್ಡು ಉಳೀತಿತ್ತು. ನಾವು ಉಳೀತಿರ್ಲಿಲ್ಲ."

ಲೈಸೆನ್ಸ್ ಬಂತು. ಇಲೆಕ್ಟ್ರಿಷಿಯನ್‌ನನ್ನು ಅವಳೇ ಕರೆಸಿ, ಚಾರ್ಜರನ್ನು ಬಲಗಡೆಯ ಗೋಡೆಗೆ ಹಾಕಿಸಿದಳು. (ಒಟ್ಟಿನಲ್ಲಿ ಮನೆಯ ಚಾರ್ಜ್ ಅವಳು ವಹಿಸಿಕೊಂಡಳು. ಇಷ್ಟು ದಿನ ಅದು ಯಾರ ಕೈಯಲ್ಲಿತ್ತು ಎಂದು ಕೇಳಬೇಡಿ.) ಮೊದಲ ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿ ಕಾರು ತೆಗೆದಳು. ತಿರುವಿನಲ್ಲಿ ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ತಲೆ ಪೂರ್ತಿ ತಿರುಗಿಸಿ ಎಡಕ್ಕೆ ನೋಡಿದಳು. ತಪ್ಪು ಹುಡುಕಲೆಂದೇ ಕೂತಿದ್ದೆ, ಒಂದೂ ಸಿಗಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿತು.

"ಏನಾಯ್ತು?"

"ಡ್ರಾಪ್ಸ್ ಹಾಕಿದ್ದೆನಲ್ಲ, ಅದು."

"ಡ್ರಾಪ್ಸ್ ಹಾಕೋದು ಮಲಗೋ ಮುಂಚೆ ರೀ." ಅವಳು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಳು. ಆಮೇಲೆ ಕರ್ಚೀಫ್ ಕೊಟ್ಟು, "ಹಿಂದೆ ಹೋಗಿ ಕೂತ್ಕೊಳ್ಳಿ," ಎಂದಳು. "ಪಕ್ಕದಲ್ಲಿ ಕೂತು ಅತ್ರೆ ನಂಗೆ ರಸ್ತೆ ಕಾಣಲ್ಲ."

ಇಳಿದು ಹೋಗಿ ಅವಳ ಸೀಟಿನ ಹಿಂದೆ ಕೂತೆ. ಎರಡು ಸಿಗ್ನಲ್ ದಾಟಿದ ಮೇಲೆ ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಯಾಕ್ರೀ ಸೀಟನ್ನ ಒದೀತಿದೀರಿ?"

ನಾನು ಒದೆಯುತ್ತಿರಲಿಲ್ಲ. ಬ್ರೇಕ್ ಹಾಕುತ್ತಿದ್ದೆ.