ವರಾಂಡದ ಬೆಂಚು ತೆಗೆದುಹಾಕಿದ ಕುರಿತು

ಸಂಖ್ಯೆ: ಕೂರಬೇಡ/ರೋಣ/ನಿಲ್ಲು/ನಡೆ
ದಿನಾಂಕ: ಸಹಿ ಸಿಕ್ಕ ದಿನ

ವಿಷಯ: ಕಚೇರಿಗಳಲ್ಲಿ ಕುಳಿತಿರುವುದನ್ನು ತಗ್ಗಿಸಿ ದೈಹಿಕ ಚಟುವಟಿಕೆ ಹೆಚ್ಚಿಸುವ ಬಗ್ಗೆ.
ಉಲ್ಲೇಖ: ಹೆಚ್ಚು ಹೊತ್ತು ಕುಳಿತರೆ ಆರೋಗ್ಯ ಕೆಡುತ್ತದೆಂಬ ಮೇಲಿನ ಕಚೇರಿಯ ಪತ್ರ (ಕಳೆದ ವರ್ಷದಿಂದ ಮೇಜಿನ ಮೇಲೆ ಕುಳಿತಿದ್ದುದು).

ರೋಣ, ನರಗುಂದ, ಗಜೇಂದ್ರಗಡದ ಅಧೀನ ಕಚೇರಿಗಳ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಸೂಚಿಸಲಾಗಿದೆ:

೧. ತಪಾಸಣೆಯ ವೇಳೆ ಬಹುತೇಕ ಖುರ್ಚಿಗಳ ಮೇಲೆ ಸಿಬ್ಬಂದಿಯ ಬದಲು ಅವರ ಟವೆಲ್ಲುಗಳೇ ಕಂಡುಬಂದಿವೆ. ಕುಳಿತುಕೊಳ್ಳುವುದನ್ನು ಇಷ್ಟರಮಟ್ಟಿಗೆ ತಗ್ಗಿಸಿರುವ ಸಿಬ್ಬಂದಿಯನ್ನು ಇಲಾಖೆ ಮೆಚ್ಚಿದೆ. ಆದರೆ ಟವೆಲ್ಲುಗಳು ದಿನವಿಡೀ ಒಂದೇ ಭಂಗಿಯಲ್ಲಿರುವುದು ಸರಿಯಲ್ಲ. ಅವನ್ನು ಮಧ್ಯಾಹ್ನ ಒಮ್ಮೆ ಕೊಡವತಕ್ಕದ್ದು.

೨. ಅತಿಯಾಗಿ ಕುಳಿತುಕೊಳ್ಳುವವರು ವರಾಂಡದ ಬೆಂಚಿನ ಮೇಲಿನ ಸಾರ್ವಜನಿಕರೇ ಎಂದು ಸಾಬೀತಾಗಿದೆ. ಅವರ ಹಿತದೃಷ್ಟಿಯಿಂದ ಬೆಂಚನ್ನು ಅಧಿಕಾರಿಗಳ ಕೊಠಡಿಗೆ ಸ್ಥಳಾಂತರಿಸಲಾಗಿದೆ. ಅದರ ಮೇಲೆ ಊಟದ ನಂತರ ಮಲಗಲಾಗುತ್ತಿದ್ದು, ಮಲಗುವುದು ಕುಳಿತುಕೊಳ್ಳುವುದರ ವ್ಯಾಪ್ತಿಗೆ ಬರುವುದಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

೩. ಅರ್ಜಿದಾರರು ಅರ್ಜಿ ಕೊಡುವ ಮುನ್ನ ಬಸ್ಕಿ ಹೊಡೆಯತಕ್ಕದ್ದು. ಬಸ್ಕಿಗೆಂದು ಕೆಳಗೆ ಹೋದವರು ಅಲ್ಲೇ ಕೂರುವಂತಿಲ್ಲ. ಲಕ್ಕಲಕಟ್ಟಿಯ ಕೂಲಿಕಾರ ದ್ಯಾಮಪ್ಪ ಅವರು "ಮುಂಜಾನಿಂದ ಕಡ್ಲಿ ಕಿತ್ತು ಬಂದೀನ್ರಿ, ನಡಾ ಹಿಡದೈತಿ" ಎಂದು ವಿನಾಯಿತಿ ಕೋರಿದ್ದಾರೆ. ಕಡಲೆ ಕೀಳುವುದು ದೈಹಿಕ ಚಟುವಟಿಕೆ ಎಂಬುದಕ್ಕೆ ದೃಢೀಕರಣ ಪತ್ರ ಲಗತ್ತಿಸಿಲ್ಲದ ಕಾರಣ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

೪. ಹೀಗಿರುವಾಗ ಹೊಳೆಮಣ್ಣೂರಿನ ಯಂಕವ್ವ ಎಂಬ ವಯೋವೃದ್ಧೆ, ಹೊಳೆ ಬಂದು ಮನೆಯ ಗೋಡೆ ಬಿದ್ದದ್ದಕ್ಕೆ ಪರಿಹಾರ ಕೋರಿದ ತಮ್ಮ ಅರ್ಜಿಗೆ ಸಹಿ ಮಾಡಿಸಲು ಬಂದಿದ್ದಾರೆ. ಬೆಂಚು ಕಾಣದೆ ಗುಮಾಸ್ತ ಗುರುಪಾದ ಅವರ ಟವೆಲ್ಲು ಸರಿಸಿ ಅವರ ಖುರ್ಚಿಯಲ್ಲಿ ಕುಳಿತಿದ್ದಾರೆ. ವಿಚಾರಿಸಲಾಗಿ, "ಮಣಕಾಲ ನೋಯಾಕತ್ತಾವ್ರಿ. ಟವಲ್ಲಿಗೇನ ಸಹಿ ಮಾಡಾಕ ಬರತೈತೇನ್ರಿ?" ಎಂದು ಹೇಳಿಕೆ ನೀಡಿದ್ದಾರೆ. ಅಲ್ಲದೆ ಕಿಟಕಿಯಿಂದ ಚಹಾದಂಗಡಿಯತ್ತ, "ಗುರುಪಾದಪ್ಪಾ, ಮಂದಿ ಭಾಳ ನಿಂತಾರ, ಲಗೂ ಬಾರಪಾ" ಎಂದು ಕೂಗಿದ್ದಾರೆ. ಸದರಿ ಗುರುಪಾದ ಓಡಿ ಬಂದಿದ್ದು, ಇದು ಈ ಕಚೇರಿಯಲ್ಲಿ ದಾಖಲಾದ ಸಿಬ್ಬಂದಿಯ ಮೊದಲ ದೈಹಿಕ ಚಟುವಟಿಕೆಯಾಗಿದೆ. ಖುರ್ಚಿ ಖಾಲಿ ಇಲ್ಲದ ಕಾರಣ ಅವರು ನಿಂತುಕೊಂಡೇ ಸರದಿಯಲ್ಲಿದ್ದ ಎಲ್ಲರ ಅರ್ಜಿಗಳಿಗೂ ಸಹಿ ಹಾಕಿದ್ದಾರೆ.

೫. ಯಂಕವ್ವ ಅವರ ಅರ್ಜಿಗೆ ಸಹಿ ಆಗಿಲ್ಲ. ಅವರು ಖುರ್ಚಿಯಲ್ಲಿದ್ದುದರಿಂದ ಸರದಿಯಲ್ಲಿ ಇರಲಿಲ್ಲ.

೬. ಪ್ರಯೋಗ ಯಶಸ್ವಿಯಾಗಿರುವುದರಿಂದ ಯಂಕವ್ವ ಅವರು ಪ್ರತಿದಿನ ಬಂದು ಅದೇ ಖುರ್ಚಿಯಲ್ಲಿ ಕುಳಿತು ಗುರುಪಾದರನ್ನು ಕೂಗತಕ್ಕದ್ದು. ಅರ್ಜಿ ಇತ್ಯರ್ಥವಾದರೆ ಅವರು ಬರುವುದನ್ನು ಬಿಡುವ ಸಂಭವವಿರುವುದರಿಂದ, ಅದನ್ನು ಪರಿಶೀಲನೆಯಲ್ಲೇ ಇಡಲು ತೀರ್ಮಾನಿಸಲಾಗಿದೆ.

ಸಹಿ/-
(ನಿಂತು ಮಾಡಿದ್ದರಿಂದ ಓದಲು ಬಾರದು)
ಪ್ರಭಾರ ಅಧಿಕಾರಿ

ಪ್ರತಿಗಳು:
ಸೂಚನಾ ಫಲಕಕ್ಕೆ. ನಡೆಯುತ್ತಾ ಓದುವುದು.
ಚಹಾದಂಗಡಿಯ ರಿಯಾಜ ಅವರಿಗೆ, ಗುರುಪಾದರಿಗೆ ತಲುಪಿಸುವ ಸಲುವಾಗಿ.
ಶ್ರೀಮತಿ ಯಂಕವ್ವ, ಹೊಳೆಮಣ್ಣೂರ, ಇವರಿಗೆ. ಮನೆಯ ಗೋಡೆಗೆ ಅಂಟಿಸಿ ಬರಲು ಕಳುಹಿಸಲಾಗಿತ್ತು. ಅಂಟಿಸಲು ಗೋಡೆ ಇಲ್ಲದ ಕಾರಣ ಪ್ರತಿ ಮರಳಿ ಬಂದಿದೆ. ಗೋಡೆ ಕಟ್ಟಿಸಿಕೊಂಡ ಕೂಡಲೇ ಮತ್ತೆ ಕಳುಹಿಸಲಾಗುವುದು.