ಪಗಾರದವರ ಜಾಮೀನು

ನನಗೆ ನಿಯಮಗಳೆಂದರೆ ಮೊದಲಿನಿಂದಲೂ ಪ್ರೀತಿ, ಮನುಷ್ಯರೆಂದರೆ ಅಷ್ಟಕ್ಕಷ್ಟೇ. ಓಣಿಯಲ್ಲಿ ಯಾರ ಉಸಾಬರಿಗೂ ಹೋದವನಲ್ಲ ಎಂಬುದು ನನ್ನ ಜಂಬ. ಮಾಸ್ತರಿಕೆಯ ಕಾಲದಲ್ಲಿ ಶಾಲೆಯ ಗಂಟೆ ಒಂದು ನಿಮಿಷ ತಡವಾದರೂ ಸಿಪಾಯಿಯೊಡನೆ ಜಗಳಕ್ಕೆ ನಿಲ್ಲುತ್ತಿದ್ದೆ. ಇಂಥ ನನ್ನನ್ನೇ ಹುಡುಕಿ, ಭಾಗ್ಯನಗರದ ನಮ್ಮ ಪುಟ್ಟ ಪತ್ತಿನ ಸಹಕಾರ ಸಂಘದವರು ಬೈಲಾ ಬರೆಯಲು ಕೂರಿಸಿದ್ದರು. ‘ಸಾಲಕ್ಕೆ ಪಗಾರದ ಇಬ್ಬರು ಸದಸ್ಯರು ಜಾಮೀನು ಹಾಕತಕ್ಕದ್ದು’ ಎಂದು ಬರೆದ ದಿನ ಹೆಂಡತಿಗೆ ಎರಡು ಸಲ ಓದಿ ಹೇಳಿದ್ದೆ. ಆ ‘ತಕ್ಕದ್ದು’ ನನಗೆ ಬಹಳ ಹಿಡಿಸಿತ್ತು.

ಹದಿನೈದು ವರ್ಷಗಳ ನಂತರ ಅದು ಎದುರು ಮನೆಯ ಶಂಕ್ರಮ್ಮನ ಕಾಲಿಗೆ ತೊಡರಿತು. ಜೋಳದ ರೊಟ್ಟಿ ಬಡಿದು ಕೊಪ್ಪಳದ ಖಾನಾವಳಿಗಳಿಗೆ ಕೊಡುವಾಕೆ. ರಟ್ಟೆ ಸೋತು, ರೊಟ್ಟಿ ಮಷಿನ್‌ಗೆ ಸಾಲ ಕೇಳಿದ್ದಳು. ಸಂಘಕ್ಕೆ ದಿನವೂ ಕಟ್ಟುವ ಪಿಗ್ಮಿಯನ್ನು ಎಂದೂ ತಪ್ಪಿಸಿದವಳಲ್ಲ. “ಮಾಸ್ತರ್ರ, ನಮ್ಮ ಓಣ್ಯಾಗ ಎಲ್ಲಾರೂ ದುಡಿಯೋರ ಅದಾರ. ಪಗಾರದವ್ರನ್ನ ಎಲ್ಲಿಂದ ತರ್ಲಿ? ಈ ರಟ್ಟಿ ಬಿದ್ದುಹೋದ್ರ ಮನಿ ನಡಿಯೂದು ಹೆಂಗ್ರಿ?” ಎಂದಾಗ ನಾನೇ ತಿದ್ದುಪಡಿ ಬರೆಯಲು ಕೂತೆ.

ನಿಯಮ ತಿದ್ದಬೇಕಾದರೆ ವಾರ್ಷಿಕ ಸಭೆಯಲ್ಲಿ ಸದಸ್ಯರು ಕೈಯೆತ್ತಬೇಕು. ನಮ್ಮ ಸಭೆಯ ಪದ್ಧತಿಯೋ, ಸಹಿ ಮಾಡು, ಊಟ ಮಾಡು, ಚಪ್ಪಲಿ ಹುಡುಕು. ತಿದ್ದುಪಡಿ ಓದುವ ಹೊತ್ತಿಗೆ ಅಧ್ಯಕ್ಷರು, ನಾನು, ಮೈಕಿನವನು ಮೂವರೇ ಉಳಿದು, ಎರಡು ವರ್ಷ ವಿಷಯ ಮುಂದಕ್ಕೆ ಹೋಯಿತು. ಮೊದಲೆಲ್ಲ ನಾನೂ ಹಾಗೇ ಉಂಡು ಎದ್ದು ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ? ಮೂರನೆಯ ವರ್ಷ ಅಡುಗೆಯ ಗುತ್ತಿಗೆಯನ್ನು ಶಂಕ್ರಮ್ಮನೇ ಹಿಡಿದಳು. ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಘಮ ಸಭೆಯ ತುಂಬ. ಪಾತ್ರೆಗಳ ಮುಂದೆ ಸೌಟು ಹಿಡಿದು ಆಕೆ ನಿಂತಿದ್ದಳು.

“ಊಟ ಎಲ್ಲೂ ಓಡಿ ಹೋಗಂಗಿಲ್ರಿ. ನೀವು ಓಡಿ ಹೋಗ್ತೀರಿ. ಮೊದಲ ಕೈ ಎತ್ರಿ!”

ಎತ್ತಿದರು. ಕೆಲವರು ಎರಡೂ ಕೈ ಎತ್ತಿದರು. ಪಗಾರದವರಿಲ್ಲದಿದ್ದರೆ, ‘ಇವರು ನಂಬಿಗಸ್ತರು’ ಎಂದು ಓಣಿಯ ಇಬ್ಬರು ಸದಸ್ಯರು ಸಹಿ ಹಾಕಿದರೂ ಸಾಕು ಎಂದಾಯಿತು. ಇಲಾಖೆಯ ಒಪ್ಪಿಗೆಯೂ ಬಂತು. ಶಂಕ್ರಮ್ಮನಿಗೆ ಸಹಿ ಹಾಕಲು ಓಣಿಗೆ ಓಣಿಯೇ ಬಂದಿತ್ತು. ಮಷಿನ್ ಬಂದ ದಿನ ಮೊದಲ ರೊಟ್ಟಿ ನಮ್ಮ ಮನೆಗೇ ಬಂತು.

ಮೊನ್ನೆ ಮಾಳಿಗೆ ಸೋರುತ್ತಿದೆಯೆಂದು ನಾನೂ ಸಾಲದ ಅರ್ಜಿ ಹಿಡಿದು ಹೊರಟೆ. ನನ್ನ ಜೊತೆಯ ಪಗಾರದವರೆಲ್ಲ ನಿವೃತ್ತರು. ಪಕ್ಕದ ಮನೆಯವರು, “ಮಾಸ್ತರ್ರು ಛಲೋ ಮನುಷ್ಯಾರ ಇರಬೇಕ್ರಿ, ಆದ್ರ ನಮಗ ಗೊತ್ತಿಲ್ಲ” ಎಂದರು. ಶಂಕ್ರಮ್ಮ ಮಾತ್ರ ಕೂಡಲೇ ಸಹಿ ಹಾಕಿದಳು. “ಇನ್ನೊಬ್ರು ಬೇಕಲ್ರಿ? ದಿನಾ ಸಂಜೀಕ ನಮ್ಮ ಕಟ್ಟಿ ಮ್ಯಾಲ ಬಂದು ಕುಂದರ್ರಿ, ಮಂದಿ ಕೂಡ ಮಾತಾಡ್ರಿ.”

ಹದಿನೈದು ದಿನದಿಂದ ತಪ್ಪದೆ ಕೂರುತ್ತಿದ್ದೇನೆ. ಓಣಿಯವರು ಇನ್ನೂ ನನ್ನನ್ನು ನೋಡುತ್ತಿದ್ದಾರೆ.